ಬಿಸಿನೀರಿನ ಟಬ್‌ಗೆ ಕರೆಂಟ್ ಕೊಡುವ ಮುನ್ನ

ಮನೆಯ ತಾರಸಿಯಲ್ಲಿ, ಹೋಂಸ್ಟೇ ಅಂಗಳದಲ್ಲಿ ಇಡುವ ಬಿಸಿನೀರಿನ ಟಬ್‌ನ (ಎಲ್ಲರ ಬಾಯಲ್ಲೂ ಅದು ಜಕೂಝಿ) ವೈರಿಂಗ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಬೇಕು. ಇದು ಮನೆಯವರೇ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸವಲ್ಲ, ಪರವಾನಗಿ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮಾಡಬೇಕಾದ್ದು. ಆದರೆ ಅವರು ಹಾಕಿದ್ದು ಸರಿಯಿದೆಯೇ ಎಂದು ಕೇಳಿ ತಿಳಿಯುವಷ್ಟು ವಿಷಯ ಮನೆಯವರಿಗೂ ಗೊತ್ತಿರಬೇಕು. ನೀರಲ್ಲಿ ಕೂರುವವರು ಅವರು ತಾನೇ.

ಪ್ರಶ್ನೆ: ತಾರಸಿಯಲ್ಲಿ ನಾಲ್ಕು ಜನ ಕೂರುವ ಟಬ್ ಇಡುತ್ತಿದ್ದೇವೆ. 3 ಕಿಲೋವ್ಯಾಟ್ ಹೀಟರ್, 2 ಎಚ್.ಪಿ. ಪಂಪ್, ಗಾಳಿಯ ಬ್ಲೋವರ್ ಇದೆ. ಟಬ್‌ನ ಹತ್ತಿರ ಐಸೊಲೇಟರ್ (ಕರೆಂಟನ್ನು ಕೈಯಿಂದ ಪೂರ್ತಿ ಕಡಿಯುವ ಸ್ವಿಚ್) ಕಡ್ಡಾಯ ಎಂದು ಅದರ ಜೊತೆ ಬಂದ ಪುಸ್ತಕ ಹೇಳುತ್ತದೆ. ಕೆಳಗಿನ ಡಿ.ಬಿ.ಯಲ್ಲಿ (ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆ) ಎಂ.ಸಿ.ಬಿ. (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್) ಇರುವಾಗ ಮೇಲೆ ಇನ್ನೊಂದು ಸ್ವಿಚ್ ದಂಡ ಎಂದು ನಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಯಾರ ಮಾತು ಕೇಳಬೇಕು?
— ಬಿಜೈಯ ಓದುಗರು

ಪುಸ್ತಕದ ಮಾತು ಕೇಳಿ. ರಿಪೇರಿಗೆ ಬಂದವರು ತಾರಸಿಯಲ್ಲಿ ಟಬ್‌ನ ಪಕ್ಕದ ಹಲಗೆ ಬಿಚ್ಚಿ ಹೀಟರ್‌ಗೆ ಕೈ ಹಾಕಿರುತ್ತಾರೆ. ಕೆಳಗೆ ಯಾರೋ "ಇದು ಯಾಕೆ ಬಿದ್ದಿದೆ?" ಎಂದು ಎಂ.ಸಿ.ಬಿ. ಎತ್ತುತ್ತಾರೆ. ಇದನ್ನು ತಡೆಯುವುದೇ ಐಸೊಲೇಟರ್‌ನ ಮೊದಲ ಕೆಲಸ. ಹಾಗಾಗಿ ಅದು ಟಬ್‌ನಿಂದ ಕಣ್ಣಳತೆಯಲ್ಲಿರಬೇಕು ಮತ್ತು ಆಫ್ ಮಾಡಿದ ಮೇಲೆ ಬೀಗ ಹಾಕುವಂತಿರಬೇಕು. ಎರಡನೆಯ ಕೆಲಸ, ಟಬ್‌ನಲ್ಲಿ ಜನ ಇರುವಾಗ ಏನಾದರೂ ಎಡವಟ್ಟಾದರೆ ಪಕ್ಕದಲ್ಲಿ ನಿಂತವರು ಮೆಟ್ಟಿಲು ಇಳಿಯದೆ ಕರೆಂಟ್ ತೆಗೆಯಲು ಆಗಬೇಕು.

ಕಣ್ಣಳತೆ ಎಂದ ಮಾತ್ರಕ್ಕೆ ಟಬ್‌ಗೆ ತಾಗಿಸಿ ಇಡಬಾರದು. ನೀರಲ್ಲಿ ಕೂತವರ ಕೈ ಆ ಸ್ವಿಚ್‌ಗೆ ಎಟುಕಲೇಬಾರದು. ಈಜುಕೊಳದಂಥ ಜಾಗಗಳಿಗೆ ಅಂತರರಾಷ್ಟ್ರೀಯ ವೈರಿಂಗ್ ನಿಯಮವಾದ ಐಇಸಿ 60364ರ 702ನೇ ಭಾಗ ಮೂರು ವಲಯ ಗುರುತಿಸುತ್ತದೆ. ನೀರಿನ ಒಳಗೆ ಸೊನ್ನೆ ವಲಯ. ಅಂಚಿನಿಂದ 2 ಮೀಟರ್‌ವರೆಗೆ, 2.5 ಮೀಟರ್ ಎತ್ತರದ ತನಕ ಒಂದನೇ ವಲಯ. ಅಲ್ಲಿಂದ ಮುಂದಿನ 1.5 ಮೀಟರ್ ಎರಡನೇ ವಲಯ. ಮೊದಲ ಎರಡರಲ್ಲಿ ಇಂಥ ಸ್ವಿಚ್, ಸಾಕೆಟ್ ಕೂಡದು. ಅಮೆರಿಕದ ನಿಯಮ 5 ಅಡಿ ದೂರ ಸಾಕೆನ್ನುತ್ತದೆ, ನೀವು ಅದಕ್ಕೆ ತೃಪ್ತರಾಗಬೇಡಿ. ತಾರಸಿಯಲ್ಲಿ ಜಾಗ ಇದ್ದರೆ 3.5 ಮೀಟರ್ ದಾಟಿಸಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಮೆಟ್ಟಿಲಿನ ಕೋಣೆಯ ಗೋಡೆಗೆ ಹಾಕಿಸಿ. ಬಾಗಿಲು ತೆರೆದಾಗ ಅದರ ಹಿಂದೆ ಅಡಗುವ ಗೋಡೆ ಬೇಡ. ಒಗೆದ ಬಟ್ಟೆಯ ಸ್ಟ್ಯಾಂಡ್ ಸರಿಸಿ ಮುಟ್ಟಬೇಕಾದ ಮೂಲೆಯೂ ಬೇಡ.

ಈಗ ಲೆಕ್ಕ. ಹೀಟರ್ 3,000 ವ್ಯಾಟ್, ಪಂಪ್ ಎಳೆಯುವುದು ಸುಮಾರು 2,000, ಬ್ಲೋವರ್ 700 ಎಂದು ಹಿಡಿದರೆ 5,700 ವ್ಯಾಟ್. 230 ವೋಲ್ಟ್‌ಗೆ ಭಾಗಿಸಿದರೆ ಸುಮಾರು 25 ಆಂಪಿಯರ್. ಇದಕ್ಕೆ ಡಿ.ಬಿ.ಯಿಂದ ಬೇರೆಯದೇ ಲೈನ್ ಬೇಕು. ಗೀಸರ್ ಲೈನ್‌ನಿಂದ ಕವಲು ತೆಗೆಯುವ ಮಾತೇ ಬೇಡ. ಲೈನ್‌ನ ಆರಂಭದಲ್ಲಿ 32 ಆಂಪಿಯರ್‌ನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂ.ಸಿ.ಬಿ., ಸಿ ಕರ್ವ್‌ನದು. ಬಿ ಕರ್ವ್ ಹಾಕಿದರೆ ಪಂಪ್ ಸ್ಟಾರ್ಟ್ ಆಗುವ ಕ್ಷಣದ ಎಳೆತಕ್ಕೆ ಸುಮ್ಮನೆ ಬೀಳುತ್ತಿರುತ್ತದೆ. ಅದರ ನಂತರ 40 ಆಂಪಿಯರ್, 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಎ ಟೈಪ್‌ನದು. ಅಂಗಡಿಯಲ್ಲಿ ಕೇಳದಿದ್ದರೆ ಕೈಗೆ ಸಿಗುವುದು ಅಗ್ಗದ ಎಸಿ ಟೈಪ್. ಈಗಿನ ಟಬ್‌ಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್ ಬೋರ್ಡ್ ಇರುತ್ತದೆ. ಅಲ್ಲಿಂದ ಸೋರುವ ಕರೆಂಟ್‌ನಲ್ಲಿ ಡಿ.ಸಿ. ಅಂಶ ಬೆರೆತಿದ್ದರೆ ಎಸಿ ಟೈಪ್ ಅದನ್ನು ಗುರುತಿಸದೇ ಹೋಗಬಹುದು. ಪಂಪ್ ಇನ್ವರ್ಟರ್ ತಂತ್ರದ್ದಾದರೆ (ವೇಗ ಬದಲಿಸುವಂಥದು) ಇನ್ನೂ ಮೇಲಿನ ಟೈಪ್ ಬೇಕಾಗುತ್ತದೆ, ಯಾವುದೆಂದು ಟಬ್‌ನ ಪುಸ್ತಕದಲ್ಲಿ ಬರೆದಿರುತ್ತದೆ.

ಆರ್.ಸಿ.ಸಿ.ಬಿ.ಯನ್ನು ತಾರಸಿಯ ಪೆಟ್ಟಿಗೆಯಲ್ಲಿ ಹಾಕುವವರಿದ್ದಾರೆ. ಮನೆಯೊಳಗಿನ ಡಿ.ಬಿ.ಯಲ್ಲೇ ಇಡುವುದು ನಮ್ಮ ಸಲಹೆ. ಅಲ್ಲಿ ಒಣಗಿರುತ್ತದೆ, ಮೇಲಕ್ಕೆ ಹೋಗುವ ಕೇಬಲ್‌ಗೂ ಅದರ ಕಾವಲು ಸಿಗುತ್ತದೆ. ಮನೆಯ ಮುಖ್ಯ ಆರ್.ಸಿ.ಸಿ.ಬಿ. ಕೂಡ 30 ಮಿಲಿಆಂಪಿಯರ್‌ನದಾದರೆ ಟಬ್‌ನ ಲೈನನ್ನು ಅದರ ಹಿಂದಿನಿಂದ, ಮೇನ್ ಐಸೊಲೇಟರ್ ಆದ ಮೇಲೆ ಬೇರೆಯಾಗಿ ತೆಗೆಸಿ. ಇಲ್ಲದಿದ್ದರೆ ಟಬ್‌ನಲ್ಲಿ ಸೋರಿಕೆಯಾದಾಗ ಎರಡೂ ಒಟ್ಟಿಗೆ ಬಿದ್ದು ಇಡೀ ಮನೆ ಕತ್ತಲಾಗುತ್ತದೆ. ಆಮೇಲೆ ಮನೆಮಂದಿಯೇ "ಟಬ್‌ನದ್ದನ್ನು ತೆಗೆದುಬಿಡಿ" ಎನ್ನುತ್ತಾರೆ.

ಕೇಬಲ್ ಮೂರು ಕೋರ್‌ನ 6 ಚದರ ಮಿ.ಮೀ. ತಾಮ್ರದ್ದು: ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಒಂದೇ ದಪ್ಪ. ತಾರಸಿಯ ಬಿಸಿಲಿಗೆ ಬಿಳಿ ಪಿ.ವಿ.ಸಿ. ಪೈಪ್ ಕೆಲವೇ ವರ್ಷದಲ್ಲಿ ಒಣ ಕಡ್ಡಿಯಂತೆ ಮುರಿಯುವುದರಿಂದ ಆರ್ಮರ್ಡ್ ಕೇಬಲ್ಲೇ ಮೇಲು. ಅದರ ಉಕ್ಕಿನ ಹೊದಿಕೆಗೂ ಹಿತ್ತಾಳೆಯ ಗ್ಲ್ಯಾಂಡ್ (ಕೇಬಲ್ ಪೆಟ್ಟಿಗೆಗೆ ಹೊಗುವಲ್ಲಿ ಬಿಗಿಯುವ ಬಿರಡೆ) ಮೂಲಕ ಅರ್ತ್ ಆಗಿರಬೇಕು. 6 ಚದರ ಮಿ.ಮೀ. ಕೇಬಲ್‌ನಲ್ಲಿ ಒಂದು ಮೀಟರ್‌ಗೆ, ಒಂದು ಆಂಪಿಯರ್‌ಗೆ ಸುಮಾರು 7.3 ಮಿಲಿವೋಲ್ಟ್ ಇಳಿಯುತ್ತದೆ. 25 ಮೀಟರ್ ದೂರಕ್ಕೆ 25 ಆಂಪಿಯರ್ ಹರಿದರೆ ನಾಲ್ಕೂವರೆ ವೋಲ್ಟ್, ಅಂದರೆ ಶೇ. 2. ಇದು ನಡೆಯುತ್ತದೆ. ಡಿ.ಬಿ.ಯಿಂದ ಟಬ್‌ಗೆ 40 ಮೀಟರ್ ದಾಟುವಂತಿದ್ದರೆ 10 ಚದರ ಮಿ.ಮೀ.ಗೆ ಹೋಗಿ.

ಐಸೊಲೇಟರ್ 40 ಆಂಪಿಯರ್‌ನ ಡಬಲ್ ಪೋಲ್, ತಿರುಗಿಸುವ ಹಿಡಿಯದು, ಬೀಗದ ತೂತಿರುವುದು. ಮುಖದ ಮೇಲಿನ 40 ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳಬೇಡಿ. ಪಕ್ಕದಲ್ಲಿ ಎಸಿ-20, ಎಸಿ-22ಎ, ಎಸಿ-23ಎ ಎಂದು ಬರೆದಿರುತ್ತದೆ. ಎಸಿ-20 ಎಂದರೆ ಲೋಡ್ ಓಡುತ್ತಿರುವಾಗ ತೆಗೆಯಬಾರದ್ದು. ತೆಗೆದರೆ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸುಡುತ್ತದೆ. ಮೋಟರ್ ಇರುವ ಲೈನ್‌ಗೆ ಎಸಿ-23ಎ ಬೇಕು, ಅದೂ ಆ ವರ್ಗದಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ. ಒಂದೇ ಸ್ವಿಚ್‌ಗೆ ಎಸಿ-22ಎ ಯಲ್ಲಿ 40 ಇದ್ದು, ಎಸಿ-23ಎ ಯಲ್ಲಿ ಅದಕ್ಕಿಂತ ಕಡಿಮೆ ಇರುವುದುಂಟು.

ಜೋಡಣೆ ಹೀಗೆ. ಕೆಳಗಿನ ಮೇನ್ ತೆಗೆದು, ಬೀಗ ಹಾಕಿ, ಮಲ್ಟಿಮೀಟರ್‌ನಿಂದ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ನೋಡಬೇಕು. ಕೈಯಲ್ಲಿ ಹಿಡಿಯುವ ನಿಯಾನ್ ಟೆಸ್ಟರ್ ಉರಿಯಲಿಲ್ಲ ಎಂಬುದು ಕರೆಂಟ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕೇಬಲ್ ಪೆಟ್ಟಿಗೆಯೊಳಗೆ ಕೆಳಗಿನಿಂದಲೇ ಬರಬೇಕು. ಮೇಲಿನಿಂದ ಬಂದರೆ ಮಳೆನೀರು ಅದರ ಜಾಡು ಹಿಡಿದೇ ಒಳಗೆ ಇಳಿಯುತ್ತದೆ. ಡಿ.ಬಿ.ಯಿಂದ ಬಂದ ಫೇಸ್, ನ್ಯೂಟ್ರಲ್‌ಗಳನ್ನು ಸ್ವಿಚ್‌ನ ಲೈನ್ ಬದಿಗೆ, ಟಬ್‌ಗೆ ಹೋಗುವವುಗಳನ್ನು ಲೋಡ್ ಬದಿಗೆ ಕೊಡಬೇಕು. ಎಳೆ ಎಳೆಯಾದ ತಂತಿಯ ತುದಿಗೆ ಲಗ್ (ಲೋಹದ ತೊಟ್ಟು) ಹಾಕಿ ಒತ್ತಿ ಕ್ರಿಂಪ್ ಮಾಡಿರಬೇಕು. ಅರ್ತ್ ತಂತಿ ಸ್ವಿಚ್‌ನೊಳಗೆ ಹೋಗುವುದಿಲ್ಲ, ಪೆಟ್ಟಿಗೆಯ ಅರ್ತ್ ಟರ್ಮಿನಲ್‌ನಲ್ಲಿ ಕೂಡಿ ಕಡಿಯದೆ ಮುಂದೆ ಸಾಗುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ಆ ಪೆಟ್ಟಿಗೆಯಲ್ಲಿ ಎಲ್ಲೂ ಒಂದಕ್ಕೊಂದು ತಾಗಬಾರದು. ತಾಗಿದರೆ ಆರ್.ಸಿ.ಸಿ.ಬಿ. ಒಂದೋ ಎತ್ತಿದರೂ ನಿಲ್ಲುವುದೇ ಇಲ್ಲ, ಇಲ್ಲವೇ ಲೋಡ್ ಬಂದ ಕೂಡಲೇ ಬೀಳುತ್ತದೆ.

ಕೆಲಸ ಮುಗಿದ ಮೇಲೆ ನಾಲ್ಕು ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ 500 ವೋಲ್ಟ್ ಡಿ.ಸಿ. ಕೊಟ್ಟು ಫೇಸ್, ನ್ಯೂಟ್ರಲ್ ಒಟ್ಟು ಸೇರಿಸಿ ಅರ್ತ್‌ಗೆ ನೋಡಿದರೆ 1 ಮೆಗಾಓಂಗಿಂತ ಕಡಿಮೆ ಬರಬಾರದು. ಹೊಸ ಕೇಬಲ್‌ನಲ್ಲಿ ಅದರ ಎಷ್ಟೋ ಪಟ್ಟು ಬರಬೇಕು. ಟಬ್‌ನ ಎಲೆಕ್ಟ್ರಾನಿಕ್ ಬೋರ್ಡನ್ನು ಆಗ ಬಿಡಿಸಿಟ್ಟಿರಬೇಕು. ಪಂಪ್‌ನ ಲೋಹದ ಮೈಯಿಂದ ಡಿ.ಬಿ.ಯ ಅರ್ತ್ ಬಾರ್‌ವರೆಗೆ 1 ಓಂ ಒಳಗಿರಬೇಕು. ಆರ್.ಸಿ.ಸಿ.ಬಿ. ಟೆಸ್ಟರ್‌ನಲ್ಲಿ 30 ಮಿಲಿಆಂಪಿಯರ್‌ಗೆ 300 ಮಿಲಿಸೆಕೆಂಡ್ ಒಳಗೆ, 150ಕ್ಕೆ 40 ಮಿಲಿಸೆಕೆಂಡ್ ಒಳಗೆ ಬೀಳಬೇಕು. ಕೊನೆಗೆ ಐಸೊಲೇಟರ್ ಆಫ್ ಮಾಡಿ, ಟಬ್‌ನ ಟರ್ಮಿನಲ್‌ನಲ್ಲಿ ಫೇಸ್ ಮಾತ್ರವಲ್ಲ ನ್ಯೂಟ್ರಲ್ ಕೂಡ ಕಡಿದಿದೆಯೇ ಎಂದು ನೋಡಬೇಕು.

ನಮ್ಮ ಕರಾವಳಿಯ ತಾರಸಿಗಳಿಗೆ ಸೇರಿದ ಇನ್ನೊಂದು ವಿಷಯವಿದೆ. ಮಳೆಗೆಂದು ಜಿ.ಐ. ಪೈಪಿನ ಕಂಬ ನೆಟ್ಟು ಶೀಟಿನ ಮಾಡು ಹಾಕದ ಮನೆ ಇಲ್ಲಿ ಕಡಿಮೆ. ಟಬ್ ಕೂರುವುದೂ ಅದರ ಕೆಳಗೇ. ಒದ್ದೆ ಮೈಯಲ್ಲಿ ಕೈ ಚಾಚಿದರೆ ಸಿಗುವ ಆ ಕಂಬ, ಸ್ಟೀಲ್ ರೇಲಿಂಗ್, ನೀರಿನ ಲೋಹದ ಪೈಪ್, ಟಬ್‌ಗೆ ಹತ್ತುವ ಏಣಿ ಎಲ್ಲವನ್ನೂ 4 ಚದರ ಮಿ.ಮೀ. ತಾಮ್ರದ ತಂತಿಯಿಂದ ಟಬ್‌ನ ಅರ್ತ್‌ಗೆ ಒಂದಾಗಿ ಕಟ್ಟಬೇಕು. ಎಲ್ಲ ಲೋಹವೂ ಒಂದೇ ವೋಲ್ಟೇಜ್‌ನಲ್ಲಿದ್ದರೆ ಒಂದು ಕೈ ಇಲ್ಲಿ, ಇನ್ನೊಂದು ಕೈ ಅಲ್ಲಿ ಇಟ್ಟವರ ಎದೆಯ ಮೂಲಕ ಕರೆಂಟ್ ಹರಿಯುವುದಿಲ್ಲ. ಬಲ್ಬಿನ ವೈರನ್ನು ಶೀಟಿನ ಅಂಚಿಗೆ ಸುತ್ತಿ ಎಳೆದಿದ್ದರೆ ಇವತ್ತೇ ತೆಗೆಸಿ. ಗಾಳಿಗೆ ಶೀಟ್ ಅಲುಗಿ ವೈರ್‌ನ ಮೈ ತೇಯುತ್ತದೆ, ಇಡೀ ಮಾಡಿಗೆ ಕರೆಂಟ್ ಬರುತ್ತದೆ.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ. 1,200 ಲೀಟರ್ ನೀರು, 300 ಕಿಲೋದ ಟಬ್, ನಾಲ್ಕು ಜನ ಸೇರಿದರೆ ಸುಮಾರು 1,800 ಕಿಲೋ. ಎರಡು ಮೀಟರ್ ಚೌಕದಲ್ಲಿ ಇಟ್ಟರೆ ಚದರ ಮೀಟರ್‌ಗೆ 450 ಕಿಲೋ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ 150 ಕಿಲೋ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪುವ ತನಕ ವೈರಿಂಗ್‌ಗೆ ಕೈ ಹಾಕಿಸಬೇಡಿ. ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. 3 ಕಿಲೋವ್ಯಾಟ್ ಇದ್ದರೆ ಟಬ್ ಒಂದೇ ಅದನ್ನು ಮೀರುತ್ತದೆ. ಮೊದಲು ಮೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮದು ಮುರಕಲ್ಲಿನ (ಲ್ಯಾಟರೈಟ್) ಗುಡ್ಡದ ಮೇಲಿನ ಮನೆ. ಅರ್ತ್ ಪಿಟ್‌ನಲ್ಲಿ 8 ಓಂ ಬಂದಿದೆ, ಚೆನ್ನಾಗಿದೆ ಎಂದರು. ಅರ್ತ್ ಸರಿ ಇದ್ದ ಮೇಲೆ ಶಾಕ್ ಹೊಡೆಯುವ ಮೊದಲೇ ಎಂ.ಸಿ.ಬಿ. ಬೀಳುತ್ತದಲ್ಲ, ಇ.ಎಲ್.ಸಿ.ಬಿ. ಯಾಕೆ?
— ಮಣಿಪಾಲದ ಓದುಗರು

ಬೀಳುವುದಿಲ್ಲ. ಈ ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ, ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇವೆ.

ಹೀಟರ್‌ನ ಒಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿತು ಅನ್ನಿ. ಕರೆಂಟ್ ನಿಮ್ಮ ಅರ್ತ್ ಪಿಟ್‌ಗೆ ಇಳಿದು, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರ್‌ನ ಅರ್ತ್‌ಗೆ ಮರಳಬೇಕು. ನಿಮ್ಮ ಪಿಟ್ 8 ಓಂ, ಟ್ರಾನ್ಸ್‌ಫಾರ್ಮರ್‌ನದು 2 ಎಂದಿಟ್ಟುಕೊಳ್ಳಿ. 230 ಭಾಗಿಸು 10, ಅಂದರೆ 23 ಆಂಪಿಯರ್. 32 ಆಂಪಿಯರ್‌ನ ಎಂ.ಸಿ.ಬಿ.ಗೆ ಇದು ದಿನನಿತ್ಯದ ಲೋಡ್ ಇದ್ದಂತೆ, ದಿನವಿಡೀ ಹರಿದರೂ ಬೀಳದು. ಅಷ್ಟೂ ಹೊತ್ತು ಟಬ್‌ನ ಲೋಹದ ಭಾಗಗಳ ಮೇಲೆ 23 ಗುಣಿಸು 8, ಅಂದರೆ 184 ವೋಲ್ಟ್ ನಿಂತಿರುತ್ತದೆ. ಎಂ.ಸಿ.ಬಿ. ಇರುವುದು ತಂತಿ ಸುಡದಂತೆ ಕಾಯಲು. ನಿಮ್ಮನ್ನು ಕಾಯುವುದು ಆರ್.ಸಿ.ಸಿ.ಬಿ., ಜನ ಇ.ಎಲ್.ಸಿ.ಬಿ. ಎನ್ನುವುದು ಇದನ್ನೇ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೇ ಎಂದಷ್ಟೇ ಅದು ನೋಡುತ್ತದೆ. 30 ಮಿಲಿಆಂಪಿಯರ್ ತಪ್ಪಿದರೂ ಕಡಿಯುತ್ತದೆ. ಐಸೊಲೇಟರ್ ಇವೆರಡರ ಕೆಲಸವನ್ನೂ ಮಾಡುವುದಿಲ್ಲ, ಕೈಯಲ್ಲಿ ತಿರುಗಿಸಿದರೆ ಮಾತ್ರ ಕಡಿಯುತ್ತದೆ. ಮೂರೂ ಬೇಕು.

ನಿಮ್ಮ 8 ಓಂ ಯಾವ ತಿಂಗಳಲ್ಲಿ ಅಳೆದದ್ದು ಎಂದು ಕೇಳಿ. ಮುರಕಲ್ಲು ಒಣಗಿದರೆ ಕರೆಂಟ್‌ಗೆ ದಾರಿ ಕೊಡುವುದಿಲ್ಲ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಚೆಂದ ಬಂದ ಅಂಕಿ ಮೇ ತಿಂಗಳಲ್ಲಿ ಹಲವು ಪಟ್ಟು ಏರಬಹುದು. ಹಾಗಾಗಿ ಮಳೆ ಬರುವ ಮುಂಚೆ, ನೆಲ ಕಾದು ಒಣಗಿರುವಾಗಲೇ ಅಳೆಸಬೇಕು. ಜಿ.ಐ. ಪೈಪಿನ ಪಿಟ್ ಆದರೆ ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಪೈಪಿನ ಒಳಗಿನ ಅಗಲ 38 ಮಿ.ಮೀ.ಗಿಂತ, ಉದ್ದ 2.5 ಮೀಟರ್‌ಗಿಂತ ಕಡಿಮೆಯಾಗಬಾರದು. ಪಾದೆ (ಬಂಡೆ) ಸಿಕ್ಕಿತು ಎಂದು ಒಂದು ಮೀಟರ್‌ಗೇ ಕತ್ತರಿಸಿ ನಿಲ್ಲಿಸಿದರೆ ಅದು ಹೆಸರಿಗೆ ಮಾತ್ರ ಅರ್ತ್. ಆಗ ಜಾಗ ಬದಲಿಸಿ, ಇಲ್ಲವೇ ಎರಡು ಪಿಟ್ ಮಾಡಿ, ನಡುವೆ ಕನಿಷ್ಠ ಪೈಪಿನ ಉದ್ದದಷ್ಟು ಅಂತರ ಬಿಟ್ಟು ಜೋಡಿಸಬೇಕು. ಇದ್ದಿಲು–ಉಪ್ಪು ತುಂಬುವ ಹಳೆಯ ಪದ್ಧತಿಯಲ್ಲಿ ಉಪ್ಪು ನಮ್ಮ ಮಳೆಗೆ ಕರಗಿ ಹೋಗುತ್ತದೆ, ಇರುವಷ್ಟು ದಿನ ಪೈಪನ್ನೂ ತಿನ್ನುತ್ತದೆ. ತಾಮ್ರ ಲೇಪಿಸಿದ ರಾಡ್‌ಗೆ ಬೆಂಟೋನೈಟ್ ಮಣ್ಣು ತುಂಬುವುದು ಇಲ್ಲಿನ ನೆಲಕ್ಕೆ ಒಳ್ಳೆಯದು, ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅರ್ತ್ ಸಿಗಲಿಲ್ಲವೆಂದು ನ್ಯೂಟ್ರಲನ್ನೇ ಅರ್ತ್ ಟರ್ಮಿನಲ್‌ಗೆ ಸೇರಿಸಿ ಕೊಡುವವರಿದ್ದಾರೆ. ಟಬ್ ಇರಲಿ, ಗೀಸರ್‌ಗೂ ಇದನ್ನು ಬಿಡಬೇಡಿ. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಕಂಬದ ನ್ಯೂಟ್ರಲ್ ತಂತಿ ತುಂಡಾಗುವುದು ಇಲ್ಲಿ ಹೊಸತಲ್ಲ. ಆ ಕ್ಷಣದಲ್ಲಿ ಮನೆಯೊಳಗಿನ ನ್ಯೂಟ್ರಲ್ ಪೂರ್ತಿ 230 ವೋಲ್ಟ್‌ಗೆ ಏರಬಹುದು, ಅದಕ್ಕೆ ಸೇರಿಸಿದ ಟಬ್‌ನ ಮೈಯೂ ಏರುತ್ತದೆ. ಆಗ ಆರ್.ಸಿ.ಸಿ.ಬಿ.ಯೂ ಉಳಿಸುತ್ತದೆಂಬ ಭರವಸೆ ಇಲ್ಲ.

ಇನ್ನೊಂದು: ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ತಕ್ಷಣ ಬೀಳದಿದ್ದರೆ ಬದಲಿಸುವ ತನಕ ಟಬ್‌ಗೆ ಇಳಿಯಬೇಡಿ. ಆದರೆ ಆ ಗುಂಡಿ ಅರ್ತ್ ತಂತಿಯನ್ನು ಪರೀಕ್ಷಿಸುವುದಿಲ್ಲ, ಅರ್ತ್ ಕಡಿದು ಬಿದ್ದಿದ್ದರೂ ಒತ್ತಿದಾಗ ಬೀಳುತ್ತದೆ. ಅರ್ತ್‌ನ ಅಳತೆ ಬೇರೆಯೇ ಆಗಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆ ಶುರುವಾದ ಮೇಲೆ ಟಬ್‌ನ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದೆ. 100 ಮಿಲಿಆಂಪಿಯರ್‌ನದು ಹಾಕಿದರೆ ನಿಲ್ಲುತ್ತದೆ ಎಂದು ಸಲಹೆ ಬಂದಿದೆ. ಹಾಕಬಹುದೇ?
— ಸುರತ್ಕಲ್‌ನ ಓದುಗರು

ಬೇಡ, ದಯವಿಟ್ಟು ಬೇಡ. 100 ಮಿಲಿಆಂಪಿಯರ್‌ನದು ಬೆಂಕಿ ತಡೆಯಲು ಇರುವುದು, ನೀರಲ್ಲಿ ಕೂತ ಮನುಷ್ಯನ ಜೀವ ಉಳಿಸಲು ಅಲ್ಲ. ಈಗಿನದು ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಜಾಗ ಹುಡುಕಬೇಕು.

ಐಸೊಲೇಟರ್ ಇಲ್ಲಿ ಒಳ್ಳೆಯ ಉಪಕಾರಕ್ಕೆ ಬರುತ್ತದೆ. ಅದನ್ನು ಆಫ್ ಮಾಡಿ, ಆರ್.ಸಿ.ಸಿ.ಬಿ. ಎತ್ತಿ. ಆಗಲೂ ಬಿದ್ದರೆ ದೋಷ ಡಿ.ಬಿ. ಮತ್ತು ಐಸೊಲೇಟರ್ ನಡುವಿನ ಕೇಬಲ್‌ನಲ್ಲಿ ಅಥವಾ ಪೆಟ್ಟಿಗೆಯಲ್ಲೇ ಇದೆ. ಬೀಳದೆ ನಿಂತರೆ ದೋಷ ಟಬ್ ಕಡೆಯದು. ಸ್ವಿಚ್ ಡಬಲ್ ಪೋಲ್ ಆಗಿದ್ದರೆ ಮಾತ್ರ ಈ ಉತ್ತರವನ್ನು ನಂಬಬಹುದು. ಫೇಸ್ ಒಂದನ್ನೇ ಕಡಿಯುವ ಸ್ವಿಚ್ ಆದರೆ ಟಬ್‌ನೊಳಗೆ ನ್ಯೂಟ್ರಲ್ ಅರ್ತ್‌ಗೆ ತಾಗಿದ್ದಾಗ ಆಫ್ ಇದ್ದರೂ ಬೀಳುತ್ತದೆ, ನೀವು ಇಲ್ಲದ ದೋಷವನ್ನು ಕೇಬಲ್‌ನಲ್ಲಿ ಹುಡುಕುತ್ತಾ ಕೂರುತ್ತೀರಿ.

ಕೇಬಲ್ ಕಡೆಯದಾದರೆ ಮೊದಲು ಜಾಯಿಂಟ್ ನೋಡಿಸಿ. ಟೇಪ್ ಸುತ್ತಿದ ಜಾಯಿಂಟ್ ಮಳೆಯಲ್ಲಿ ಉಳಿಯುವುದೇ ಇಲ್ಲ. ಆ ಲೈನ್‌ನಲ್ಲಿ ನಡುವೆ ಜಾಯಿಂಟ್ ಇರಲೇಬಾರದು. ಟಬ್ ಕಡೆಯದಾದರೆ ತಂತ್ರಜ್ಞರಿಂದ ಕರೆಂಟ್ ತೆಗೆಸಿ, ಒಂದೊಂದೇ ಭಾಗ ಬಿಡಿಸಿ ನೋಡಿಸಿ: ಮೊದಲು ಹೀಟರ್, ಆಮೇಲೆ ಓಝೋನೇಟರ್ (ಓಝೋನ್ ಅನಿಲದಿಂದ ನೀರು ಶುದ್ಧ ಮಾಡುವ ಉಪಕರಣ), ಬ್ಲೋವರ್, ಕೊನೆಗೆ ಪಂಪ್. ಓಝೋನೇಟರ್ ಮತ್ತು ಬ್ಲೋವರ್‌ಗೆ ನೀರು ಹಿಂದಕ್ಕೆ ಏರದಂತೆ ಒಂದು ಚಿಕ್ಕ ವಾಲ್ವ್ ಇರುತ್ತದೆ, ಅದು ಕೆಟ್ಟರೆ ಪೈಪಿನೊಳಗಿಂದಲೇ ನೀರು ಮೋಟರ್‌ಗೆ ಬರುತ್ತದೆ. ಪಂಪ್‌ನ ಶಾಫ್ಟ್ ಸೀಲ್ ಸವೆದರೂ ಹಾಗೇ. ಕೆಳಗೆ ಬಿಳಿ ಉಪ್ಪಿನ ಕಲೆ ಕಂಡರೆ ಅದೇ ಗುರುತು.

ಹೀಟರ್‌ನ ಕತೆ ಸ್ವಲ್ಪ ಬೇರೆ. ಅದರ ಸುರುಳಿಯ ಸುತ್ತ ಒತ್ತಿ ತುಂಬಿರುವ ಬಿಳಿ ಪುಡಿ ಮೆಗ್ನೀಷಿಯಂ ಆಕ್ಸೈಡ್. ತಿಂಗಳುಗಟ್ಟಲೆ ಉಪಯೋಗಿಸದೆ ಬಿಟ್ಟರೆ ತುದಿಯ ಸೀಲ್ ಮೂಲಕ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಟಬ್‌ನಲ್ಲಿ ಇದೇ ಕಾರಣ ಹೆಚ್ಚು. ಸರಿಯಿರುವ 3 ಕಿಲೋವ್ಯಾಟ್ ಹೀಟರ್‌ನಿಂದ 2.25 ಮಿಲಿಆಂಪಿಯರ್‌ವರೆಗೆ ಸೋರಿದರೆ ನಿಯಮ ಒಪ್ಪುತ್ತದೆ. ಆರ್.ಸಿ.ಸಿ.ಬಿ. 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಂದರೆ ಒಳ್ಳೆಯ ಹೀಟರ್‌ನಿಂದ ಅದು ಬೀಳುವ ಪ್ರಶ್ನೆಯೇ ಇಲ್ಲ. ಬಿಡಿಸಿ ಒಣಗಿಸಿದ ಮೇಲೆ ಮೆಗ್ಗರ್ ಅಂಕಿ ಏರದಿದ್ದರೆ ಹೊರಮೈ ಬಿರುಕು ಬಿಟ್ಟಿದೆ ಎಂದು ತಿಳಿದು ಹೊಸದು ಹಾಕಿಸಿ.

ಪ್ರಶ್ನೆ: ಹೋಂಸ್ಟೇ ಕಡಲಿನಿಂದ ಇನ್ನೂರು ಮೀಟರ್ ದೂರ. ಐಸೊಲೇಟರ್‌ನ ತಗಡಿನ ಪೆಟ್ಟಿಗೆ ಎರಡೇ ಮಳೆಗಾಲಕ್ಕೆ ತುಕ್ಕು ತಿಂದು ತೂತಾಯಿತು. ಹಿಡಿಯೂ ಗಟ್ಟಿಯಾಗಿ ತಿರುಗುತ್ತಿಲ್ಲ. ಯಾವ ಪೆಟ್ಟಿಗೆ ಬಾಳುತ್ತದೆ?
— ಮಲ್ಪೆಯ ಓದುಗರು

ಹಿಡಿ ತಿರುಗದ ಐಸೊಲೇಟರ್ ಇದ್ದೂ ಇಲ್ಲದ ಹಾಗೆ. ಅತಿಥಿಗಳಿಗೆ ಟಬ್ ಕೊಡುವುದನ್ನು ನಿಲ್ಲಿಸಿ ಮೊದಲು ಅದನ್ನು ಬದಲಿಸಿ.

ಪೌಡರ್ ಕೋಟಿಂಗ್ ಇದ್ದರೂ ತಗಡು ಕಡಲ ಗಾಳಿಗೆ ಬಾಳುವುದಿಲ್ಲ. ತೂತು ಕೊರೆದ ಅಂಚಿನಲ್ಲಿ ಬಣ್ಣ ಹೋಗಿರುತ್ತದೆ, ತುಕ್ಕು ಅಲ್ಲಿಂದ ಒಳನುಗ್ಗುತ್ತದೆ. ಬಿಸಿಲು ತಡೆಯುವ ಪಾಲಿಕಾರ್ಬೊನೇಟ್ ಅಥವಾ ಫೈಬರ್‌ಗ್ಲಾಸ್ ಪೆಟ್ಟಿಗೆ ತೆಗೆದುಕೊಳ್ಳಿ, ಐಪಿ 65ಕ್ಕೆ (ದೂಳು, ನೀರು ತಡೆಯುವ ದರ್ಜೆ) ಕಡಿಮೆ ಬೇಡ. ಸ್ಕ್ರೂ, ಕ್ಲಾಂಪ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. 304 ಕೂಡ ಅಷ್ಟು ಹತ್ತಿರದ ಕಡಲಿಗೆ ಕಲೆಯಾಗುತ್ತದೆ.

ಐಪಿ 65 ಎಂಬುದು ಅಂಗಡಿಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಗೆ ಸಿಕ್ಕ ಅಂಕಿ. ನಿಮ್ಮ ಗೋಡೆಯ ಮೇಲೆ ಅದು ಉಳಿಯುವುದು ಗ್ಲ್ಯಾಂಡ್‌ನಿಂದ. ಕೇಬಲ್ ದಪ್ಪಕ್ಕೆ ಸರಿಯಾದ ಗ್ಲ್ಯಾಂಡ್ ಇಲ್ಲದೆ ದೊಡ್ಡ ತೂತಿಗೆ ಸಿಲಿಕೋನ್ ಮೆತ್ತಿದರೆ ಒಂದು ಮಳೆಗೇ ಸಾಕಾಗುತ್ತದೆ. ಹಿಂಬದಿಯಲ್ಲಿ ಗೋಡೆಗೆ ನೇರ ಸ್ಕ್ರೂ ಹೊಡೆದು ಪೆಟ್ಟಿಗೆ ತೂತು ಮಾಡುವುದೂ ತಪ್ಪು. ಮೂಲೆಗಳಲ್ಲಿ ಹೊರಗಿನ ಕಿವಿ ಇರುತ್ತದೆ, ಅದಕ್ಕೇ ಹೊಡೆಯಬೇಕು. ಇಷ್ಟೆಲ್ಲ ಮಾಡಿದರೂ ರಾತ್ರಿ ತಂಪಿಗೆ ಒಳಗೆ ಬೆವರುತ್ತದೆ. ಅದಕ್ಕೆ ತಳದಲ್ಲಿ ನೀರಿಳಿಯುವ ಡ್ರೇನ್ ಪ್ಲಗ್ ಹಾಕಿಸಿ. ಬರೀ ತೂತು ಬಿಟ್ಟರೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಬಂದು ಟರ್ಮಿನಲ್ ನಡುವೆ ಸಾಯುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಾಗ ಇದು. ಮೇ ಕೊನೆಗೆ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಕರೆಂಟ್ ತೆಗೆಸಿ ಪೆಟ್ಟಿಗೆ ಬಿಚ್ಚಿಸಿ. ಹಸಿರು ಪುಡಿ ಕಟ್ಟಿದ ತಾಮ್ರ ಕಂಡರೆ ಅಷ್ಟು ತುಂಡನ್ನು ಕತ್ತರಿಸಿ ಹೊಸ ಲಗ್ ಹಾಕಿಸಿ, ಸ್ಕ್ರೂಗಳನ್ನು ಸ್ವಿಚ್ ಮೇಲೆ ಬರೆದ ಬಿಗಿಗೆ ಬಿಗಿಸಿ. ಸಡಿಲ ಟರ್ಮಿನಲ್ 25 ಆಂಪಿಯರ್‌ಗೆ ಕಾದು ಕರಗುತ್ತದೆ, ಆಗ ಎಂ.ಸಿ.ಬಿ.ಗೂ ಆರ್.ಸಿ.ಸಿ.ಬಿ.ಗೂ ಸುದ್ದಿ ಮುಟ್ಟುವುದಿಲ್ಲ.

ಹೋಂಸ್ಟೇ ಆದ್ದರಿಂದ ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ "ಟಬ್ ಕರೆಂಟ್ — ತುರ್ತು ಇದ್ದರೆ ಆಫ್ ಮಾಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಹೊರಗಿನಿಂದ ಬಂದವರಿಗೆ ಅದು ಯಾವ ಪೆಟ್ಟಿಗೆ ಎಂದು ಹೇಗೆ ಗೊತ್ತಾಗಬೇಕು? ಬೀಗ ಇರಬೇಕಾದ್ದು ಆಫ್ ಸ್ಥಿತಿಗೆ ಮಾತ್ರ. ಆನ್ ಇರುವಾಗ ಅದಕ್ಕೆ ಬೀಗ ಜಡಿದಿರಬಾರದು.

ಪ್ರಶ್ನೆ: ಸೌದಿಯಿಂದ ಊರಿಗೆ ಮರಳುತ್ತಿರುವ ಬಾವ ಅಲ್ಲಿನ ಟಬ್ ಕಂಟೇನರ್‌ನಲ್ಲಿ ತರುತ್ತಿದ್ದಾರೆ. ಅಲ್ಲೂ 230 ವೋಲ್ಟ್ ಅಂತೆ. ಹಾಗೇ ಜೋಡಿಸಬಹುದೇ?
— ಉಡುಪಿಯ ಓದುಗರು

ವೋಲ್ಟ್ ಸರಿ, ಹರ್ಟ್ಸ್ (ಸೆಕೆಂಡಿಗೆ ಕರೆಂಟ್ ಎಷ್ಟು ಆವರ್ತ ಸುತ್ತುತ್ತದೆ ಎಂಬ ಲೆಕ್ಕ) ಬೇರೆ. ಸೌದಿ ಅರೇಬಿಯಾದಲ್ಲಿ 60, ನಮ್ಮಲ್ಲಿ 50. ದುಬೈ, ಕತಾರ್, ಕುವೈತ್‌ನಿಂದ ಬರುತ್ತಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ, ಅಲ್ಲಿಯೂ 50. ಹೀಟರ್‌ಗೆ ಇದರಿಂದ ವ್ಯತ್ಯಾಸವಿಲ್ಲ. 60 ಹರ್ಟ್ಸ್‌ನ ಪಂಪ್ ಮೋಟರ್ ಇಲ್ಲಿ ಆರರಲ್ಲಿ ಐದು ಭಾಗ ವೇಗದಲ್ಲಿ ತಿರುಗುತ್ತದೆ, ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ನೀರಿನ ಹರಿವು ತಗ್ಗಿದಾಗ ಹೀಟರ್‌ನ ಸೇಫ್ಟಿ ಕೂಡ ಕಡಿಯತೊಡಗುತ್ತದೆ. ಲೇಬಲ್ ಮೇಲೆ 50/60 ಎಂದು ಎರಡೂ ಇದ್ದರೆ ಚಿಂತೆಯಿಲ್ಲ. 60 ಒಂದೇ ಇದ್ದರೆ ಪಂಪ್ ಮತ್ತು ಬ್ಲೋವರ್ ಬದಲಿಸುವ ಖರ್ಚು ಈಗಲೇ ಲೆಕ್ಕ ಹಾಕಿ, ತರುವುದು ಬೇಕೇ ಎಂದು ಬಾವನವರಿಗೇ ಕೇಳಿ.

ಲೇಬಲ್‌ನಲ್ಲಿ "120/240 ವೋಲ್ಟ್, ನಾಲ್ಕು ತಂತಿ" ಎಂದಿದ್ದರೆ ಅದು ಅಮೆರಿಕಕ್ಕೆಂದು ಮಾಡಿದ್ದು. ಅದರಲ್ಲಿ ಎರಡು ಲೈನ್, ಒಂದು ನ್ಯೂಟ್ರಲ್, ಒಂದು ಅರ್ತ್. ಎರಡು ಲೈನ್ ಎಂದು ಓದಿ ನಮ್ಮ ತ್ರೀ ಫೇಸ್‌ನಿಂದ ಎರಡು ಫೇಸ್ ಕೊಟ್ಟರೆ ಅನಾಹುತ. ಅವುಗಳ ನಡುವೆ ಇರುವುದು 400 ವೋಲ್ಟ್. 240ಕ್ಕೆ ಮಾಡಿದ 5.5 ಕಿಲೋವ್ಯಾಟ್ ಹೀಟರ್ ಆ ವೋಲ್ಟ್‌ನಲ್ಲಿ 15 ಕಿಲೋವ್ಯಾಟ್ ಎಳೆಯುತ್ತದೆ. 120 ವೋಲ್ಟ್‌ನ ಓಝೋನೇಟರ್, ಚಿಕ್ಕ ಪಂಪ್‌ಗಳಿಗೆ 230 ಸಿಕ್ಕಿ ಕೂಡಲೇ ಸುಡುತ್ತವೆ. ಅದರ ಜೊತೆ ಬರುವ 50 ಆಂಪಿಯರ್‌ನ ಅಮೆರಿಕದ ಸ್ವಿಚ್ ಪೆಟ್ಟಿಗೆಯನ್ನೂ ಇಲ್ಲಿ ಹಾಕಬೇಡಿ, ಅದು ಅಲ್ಲಿನ ವ್ಯವಸ್ಥೆಗೇ ಹೊಂದುವಂಥದು.

ಪ್ರಶ್ನೆ: ಗಾಳಿ ತುಂಬುವ ಟಬ್ ಕೊಂಡಿದ್ದೇವೆ, ಪ್ಲಗ್ ಮಾತ್ರ ಇದೆ. ಅದಕ್ಕೂ ಐಸೊಲೇಟರ್ ಬೇಕೇ?
— ಕಾಪುವಿನ ಓದುಗರು

ಪ್ಲಗ್ ಕೀಳುವುದೇ ಅದಕ್ಕೆ ಐಸೊಲೇಷನ್. ಹಾಗಾಗಿ ಸಾಕೆಟ್ ಅಂಚಿನಿಂದ ಎರಡು ಮೀಟರ್‌ಗೂ ಆಚೆ, ಮಳೆ ತಾಗದ ಕಡೆ, 16 ಆಂಪಿಯರ್‌ನದಾಗಿ, 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ.ಯ ಕಾವಲಿನಲ್ಲಿ ಇರಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಎಳೆಯಬೇಡಿ. ಪ್ಲಗ್‌ನಲ್ಲೇ ಟೆಸ್ಟ್ ಗುಂಡಿ ಇದ್ದರೆ ಅದನ್ನು ಕತ್ತರಿಸಿ ನಮ್ಮ ಮೂರು ಪಿನ್ ಹಾಕಿಸಬಾರದು, ರಕ್ಷಣೆ ಇರುವುದು ಅದರಲ್ಲೇ.

ಪ್ರಶ್ನೆ: ವೈ-ಫೈ ಸ್ವಿಚ್ ಹಾಕಿ ಮೊಬೈಲ್‌ನಿಂದ ಆಫ್ ಮಾಡಿದರೆ ಐಸೊಲೇಟರ್ ಖರ್ಚು ಉಳಿಸಬಹುದಲ್ಲ? ಮನೆಯ ಇನ್ವರ್ಟರ್‌ಗೂ ಟಬ್ ಸೇರಿಸಬಹುದೇ?
— ಕದ್ರಿಯ ಓದುಗರು

ಎರಡಕ್ಕೂ ಇಲ್ಲ. ವೈ-ಫೈ ಸ್ವಿಚ್ ಬೇಕಿದ್ದರೆ ಕಾಂಟ್ಯಾಕ್ಟರ್ (ದೊಡ್ಡ ಹೊರೆ ತಾಳುವ ರಿಲೇ) ಮೂಲಕ ಹೆಚ್ಚುವರಿಯಾಗಿ ಹಾಕಿ. ಅದರೊಳಗಿನ ರಿಲೇ ಅಂಟಿಕೊಂಡರೆ ಮೊಬೈಲ್ ಆಫ್ ಎಂದೇ ತೋರಿಸುತ್ತದೆ, ಕರೆಂಟ್ ಇದ್ದೇ ಇರುತ್ತದೆ. ಇನ್ವರ್ಟರ್‌ಗೆ 5 ಕಿಲೋವ್ಯಾಟ್ ಹೊರೆ ಆಗದು. ಟಬ್‌ನ ಲೈನ್‌ನ ನ್ಯೂಟ್ರಲ್ ಇನ್ವರ್ಟರ್ ಲೈನ್‌ನ ನ್ಯೂಟ್ರಲ್ ಜೊತೆ ಎಲ್ಲಿ ಬೆರೆತರೂ ಆರ್.ಸಿ.ಸಿ.ಬಿ. ಕಾರಣವಿಲ್ಲದೆ ಬೀಳುತ್ತದೆ ಎಂಬುದನ್ನು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ.

ಪ್ರಶ್ನೆ: ಸಿಡಿಲು ಶುರುವಾದಾಗ ಐಸೊಲೇಟರ್ ಆಫ್ ಮಾಡಿದರೆ ಟಬ್‌ನಲ್ಲಿ ಕೂರಬಹುದೇ?
— ಕಾರ್ಕಳ ರಸ್ತೆಯ ಓದುಗರು, ಉಡುಪಿ

ಕೂರಬಾರದು. ಐಸೊಲೇಟರ್ ಕಡಿಯುವುದು ಕೆಲವೇ ಮಿಲಿಮೀಟರ್ ಅಂತರವನ್ನು. ಮೋಡದಿಂದ ನೆಲಕ್ಕೆ ಹಾರಿ ಬರುವ ಸಿಡಿಲಿಗೆ ಅದೊಂದು ತಡೆಯೇ ಅಲ್ಲ. ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಗುಡುಗು ಕೇಳಿದ ಕೂಡಲೇ ನೀರಿನಿಂದ ಎದ್ದು ಮನೆಯೊಳಗೆ ಹೋಗಿ. ಮೋಡ ಇನ್ನೂ ದೂರ ಇದ್ದು ಮೈ ಒರೆಸಿಕೊಂಡಿದ್ದರೆ ಐಸೊಲೇಟರ್ ತೆಗೆಯಬಹುದು. ಸಿಡಿಲು ಹತ್ತಿರ ಬಂದ ಮೇಲೆ ತಾರಸಿಯ ಪೆಟ್ಟಿಗೆಯ ಬಳಿ ಹೋಗಬೇಡಿ, ಟಬ್ ಸುಟ್ಟರೆ ಸುಡಲಿ. ಡಿ.ಬಿ.ಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಕಂಟ್ರೋಲ್ ಬೋರ್ಡ್ ಉಳಿಯುವ ಸಾಧ್ಯತೆ ಹೆಚ್ಚು. ಅದರ ಚಿಕ್ಕ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಒಳಗಿನ ತುಂಡು ಬದಲಿಸಬೇಕು. ಜೋರು ಸಿಡಿಲಿನ ಮರುದಿನ ಟಬ್‌ಗೆ ಇಳಿಯುವ ಮುನ್ನ ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒಮ್ಮೆ ಒತ್ತಿ ನೋಡಿ. ಸಿಡಿಲಿನ ಹೊಡೆತಕ್ಕೆ ಒಳಗೆ ಕೆಟ್ಟಿದ್ದರೂ ಹೊರಗಿನಿಂದ ಅದು ಆನ್ ಇದ್ದಂತೆಯೇ ಕಾಣುತ್ತದೆ.